ಮರಳಿಗೆ ಜಾಗ ಬಿಟ್ಟು ಬದುಕಿದ ಊರು

ಭಾನುವಾರ ತಲಕಾಡಿಗೆ ಬರುವವರ ದಾರಿ ಬಹುತೇಕ ಒಂದೇ. ವೈದ್ಯೇಶ್ವರನ ಗುಡಿಯ ಮುಂದೆ ಚಪ್ಪಲಿ ಬಿಟ್ಟು, ಮರಳಿನ ಮೇಲೆ ಏರುವ ದಾರಿ ಹಿಡಿದು, ಪಾತಾಳೇಶ್ವರ, ಮರಳೇಶ್ವರ, ಕೀರ್ತಿನಾರಾಯಣ ನೋಡಿಕೊಂಡು ಕಾವೇರಿ ಹೊಳೆಯ ಕಡೆ ಇಳಿಯುತ್ತಾರೆ. ಹೊಳೆಯ ದಂಡೆಯಲ್ಲಿ ಊಟ, ಮಕ್ಕಳ ಕೂಗಾಟ, ತೆಪ್ಪದಲ್ಲಿ ಒಂದು ಸುತ್ತು. ಸಂಜೆಗೆ ಕಾರು ಬಸ್ಸುಗಳೆಲ್ಲ ಮೈಸೂರು, ಬೆಂಗಳೂರಿನ ಕಡೆ ಹೊರಟಿರುತ್ತವೆ. ಇವರಲ್ಲಿ ಯಾರನ್ನು ಕೇಳಿದರೂ ಊರು ಮರಳಾಗಲೆಂದು ರಾಣಿ ಅಲಮೇಲಮ್ಮ ಕೊಟ್ಟ ಶಾಪದ ಕಥೆಯನ್ನು ತಡವರಿಸದೆ ಹೇಳುತ್ತಾರೆ. ತಲಕಾಡಿನವರೊಬ್ಬರ ಜೊತೆ ಕೂತು ಮಾತಾಡಿ ಬಂದವರು ಮಾತ್ರ ಅಪರೂಪ.

ಇದು ನನಗೆ ಬಹಳ ಕಾಲದಿಂದ ಕೊರೆಯುತ್ತಿರುವ ಸಂಗತಿ. ತಲಕಾಡನ್ನು ನಾವು ಹೂತುಹೋದ ನಗರ ಎಂದು ಕರೆದು ಕರೆದು ರೂಢಿಯಾಗಿದೆ. ಪಠ್ಯಪುಸ್ತಕದಲ್ಲಿ ಅದು ಗಂಗರ ರಾಜಧಾನಿ, ಪ್ರವಾಸದ ಫಲಕದಲ್ಲಿ ಅದು ಮರಳಿನಡಿಯ ದೇವಾಲಯಗಳ ತಾಣ. ಎರಡರಲ್ಲೂ ಊರವರಿಗೆ ಜಾಗವಿಲ್ಲ. ತಲಕಾಡಿನಲ್ಲಿ ಜನ ವಾಸ ಬಿಟ್ಟ ಕಾಲ ಬರಲೇ ಇಲ್ಲ. ಗಂಗರು ಹೋದರು, ಚೋಳರು ಬಂದರು, ಹೊಯ್ಸಳರು, ವಿಜಯನಗರದವರು, ಮೈಸೂರು ಒಡೆಯರು ಬಂದರು, ಮರಳೂ ಬಂತು. ಊರು ಮಾತ್ರ ಹೊಳೆಯ ಪಕ್ಕದಲ್ಲೇ, ನಾಲ್ಕು ಹೆಜ್ಜೆ ಆಚೀಚೆ, ಉಳಿದುಕೊಂಡಿತು. ಹೇಗೆ ಉಳಿಯಿತು ಎಂಬುದು ಶಾಪದ ಕಥೆಗಿಂತ ದೊಡ್ಡ ಕಥೆ ಎಂದು ನನ್ನ ನಂಬಿಕೆ.

ಮೈಸೂರಿನಿಂದ ಟಿ. ನರಸೀಪುರದ ಮೇಲೆ ಬಂದರೆ ಈ ಕಥೆಯ ಅರ್ಧ ಭಾಗ ಬಸ್ಸಿನ ಕಿಟಕಿಯಲ್ಲೇ ಕಾಣುತ್ತದೆ. ನರಸೀಪುರದಲ್ಲಿ ಕಪಿಲೆ ಬಂದು ಕಾವೇರಿಯನ್ನು ಸೇರುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಅಲ್ಲೇ ಕೂಡುತ್ತದೆ ಎಂಬ ನಂಬಿಕೆಯಿಂದ ಅದು ತಿರುಮಕೂಡಲು, ಮೂರು ನೀರು ಕೂಡುವ ಕ್ಷೇತ್ರ. ಒಂದು ದಡದಲ್ಲಿ ಗುಂಜಾ ನರಸಿಂಹ, ಇನ್ನೊಂದು ದಡದಲ್ಲಿ ಅಗಸ್ತ್ಯೇಶ್ವರ. ಈ ಸಂಗಮದ ಹತ್ತಿರ ಮೈಸೂರಿನ ಪುರಾತತ್ವಜ್ಞ ಎಂ. ಶೇಷಾದ್ರಿ ಅವರು 1960ರ ದಶಕದಲ್ಲಿ ನೆಲ ಅಗೆಸಿದಾಗ ನವಶಿಲಾಯುಗದ ಜನ ಬದುಕಿದ್ದ ನೆಲೆ ಸಿಕ್ಕಿತು. ಎಂದರೆ ಗಂಗರೆಂಬ ಹೆಸರು ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ಈ ಹೊಳೆಯ ಬದಿಯಲ್ಲಿ ಒಲೆ ಉರಿದಿದೆ, ಮಡಕೆ ಬೆಂದಿದೆ.

ನರಸೀಪುರ ದಾಟಿದ ಮೇಲೆ ರಸ್ತೆಯುದ್ದಕ್ಕೂ ಗದ್ದೆ. ನಾಲೆಯಲ್ಲಿ ನೀರು ಬಿಟ್ಟ ದಿನಗಳಲ್ಲಾದರೆ ಉತ್ತ ಕೆಸರಿನ ವಾಸನೆ, ಬೆಳ್ಳಕ್ಕಿಗಳ ಸಾಲು, ಬಗ್ಗಿ ನಾಟಿ ಹಾಕುವ ಹೆಂಗಸರು. ಮಧ್ಯೆ ಮಧ್ಯೆ ಕಬ್ಬು, ಬಾಳೆ, ತೆಂಗು. ಇಷ್ಟು ಹಸುರಿನ ನಡುವೆ ಮರಳುಗಾಡಿನಂಥ ದಿಬ್ಬಗಳು ಎಲ್ಲಿಂದ ಬಂದವು ಎಂದು ಮೊದಲ ಸಲ ಬರುವವರು ಬೆರಗಾಗುವುದು ಸಹಜ. ಉತ್ತರ ಹೊಳೆಯಲ್ಲಿದೆ. ತಲಕಾಡಿನ ಹತ್ತಿರ ಕಾವೇರಿ ನೇರ ಹರಿಯದೆ ದೊಡ್ಡದಾಗಿ ಬಾಗುತ್ತಾಳೆ. ಊರು ಆ ಬಾಗಿನ ಎಡದಂಡೆಯಲ್ಲಿದೆ. ಇಲ್ಲಿನ ಪಂಚಲಿಂಗಗಳೆಂಬ ಐದು ಶಿವಲಿಂಗಗಳ ಸುತ್ತ ಅವಳು ನಾಲ್ಕು ದಿಕ್ಕಿಗೂ ತಿರುಗಿ ಹರಿಯುತ್ತಾಳೆ ಎಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಬಾಗುವ ನದಿ ವೇಗ ಕಳೆದುಕೊಂಡ ಕಡೆ ಹೊತ್ತು ತಂದ ಮರಳನ್ನು ಇಳಿಸುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಆ ಮರಳೆಲ್ಲ ಬಿಸಿಲಿಗೆ ಒಣಗಿ ಹುಡಿಯಾಗುತ್ತದೆ. ಆಮೇಲೆ ಬರುವುದು ನೈರುತ್ಯದ ಗಾಳಿ. ಆಷಾಢದ ಗಾಳಿ ಎಂಥದ್ದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಒಣ ಮರಳು ಊರಿನ ಕಡೆಗೆ ಏಳುತ್ತದೆ, ಒಂದು ಗೋಡೆ ಅಡ್ಡ ಸಿಕ್ಕರೆ ಅದರ ಬುಡದಲ್ಲಿ ಕೂರುತ್ತದೆ, ಮುಂದಿನ ವರ್ಷ ಆ ಗೋಡೆಯನ್ನು ದಾಟುತ್ತದೆ.

ಇದನ್ನು ಹತ್ತೊಂಬತ್ತನೇ ಶತಮಾನದಲ್ಲಿ ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬರೆದಿಟ್ಟಿದ್ದಾರೆ. ಅವರ ಲೆಕ್ಕದ ಪ್ರಕಾರ ಮರಳಿನ ದಿಬ್ಬಗಳು ಹೆಚ್ಚುಕಡಿಮೆ ಒಂದು ಮೈಲಿ ಉದ್ದ ಹಬ್ಬಿದ್ದವು. ವರ್ಷಕ್ಕೆ ಒಂಬತ್ತು ಹತ್ತು ಅಡಿಯಂತೆ, ಅದರಲ್ಲೂ ನೈರುತ್ಯ ಮಳೆಗಾಲದಲ್ಲಿ, ಊರಿನ ಮೇಲೆ ಏರಿ ಬರುತ್ತಿದ್ದವು. ಮೂರು ದಿಕ್ಕಿನಲ್ಲಿ ಮರಳು ಒತ್ತಿಕೊಂಡಿದ್ದರಿಂದ ಜನ ಮನೆಗಳನ್ನು ಬಿಟ್ಟು ಒಳಕ್ಕೆ, ಇನ್ನೂ ಒಳಕ್ಕೆ ಸರಿಯಬೇಕಾಗುತ್ತಿತ್ತು. ಮೂವತ್ತಕ್ಕೂ ಹೆಚ್ಚು ದೇವಾಲಯಗಳು ಮರಳಿನಡಿ ಇವೆ ಎಂಬ ಮಾತನ್ನೂ ಅವರು ದಾಖಲಿಸಿದ್ದಾರೆ.

ವರ್ಷಕ್ಕೆ ಹತ್ತು ಅಡಿ ಎಂದರೆ ಏನೆಂದು ಸ್ವಲ್ಪ ನಿಂತು ಯೋಚಿಸಬೇಕು. ಮದುವೆಯಾಗಿ ಬಂದ ಹುಡುಗಿಗೆ ಹಿತ್ತಿಲಿನಾಚೆ ದೂರದಲ್ಲಿ ಕಾಣುತ್ತಿದ್ದ ದಿಬ್ಬ ಅವಳು ಅಜ್ಜಿಯಾಗುವ ಹೊತ್ತಿಗೆ ಬಚ್ಚಲ ಗೋಡೆಗೆ ತಾಗಿರುತ್ತದೆ. ಆಗ ಮನೆಯ ತೊಲೆ, ಕಂಬ, ಬಾಗಿಲು, ಹೆಂಚು ಏನೇನು ಬಿಚ್ಚಲು ಬರುತ್ತದೋ ಅದನ್ನೆಲ್ಲ ಬಿಚ್ಚಿಕೊಂಡು ಆಚೆ ಹೊಸ ಅಡಿಪಾಯ ಹಾಕಬೇಕು. ಅದೇ ಬಾಗಿಲನ್ನು ಮತ್ತೆ ನಿಲ್ಲಿಸಬೇಕು. ಮೊಮ್ಮಕ್ಕಳ ಕಾಲಕ್ಕೆ ಮತ್ತೊಮ್ಮೆ. ಇಂಥ ಸ್ಥಿತಿಯಲ್ಲಿ ಯಾವ ಊರಾದರೂ ಖಾಲಿಯಾಗಬೇಕಿತ್ತು. ಆದರೆ ಅದೇ ಗೆಜೆಟಿಯರು ಇನ್ನೊಂದು ಮಾತನ್ನೂ ಹೇಳುತ್ತದೆ: ತಲಕಾಡಿನ ಜನಸಂಖ್ಯೆ ಇಳಿಯುತ್ತಿಲ್ಲ, ಏರುತ್ತಿದೆ. ಕಾರಣ, ಮಾಧವಮಂತ್ರಿ ಕಟ್ಟೆ ಮತ್ತು ನಾಲೆಯ ನೀರಿನಿಂದ ಸುತ್ತ ಬೆಳೆಯುವ ಸಮೃದ್ಧ ಗದ್ದೆ ಬೆಳೆ.

ತಲಕಾಡನ್ನು ಅರ್ಥ ಮಾಡಿಕೊಳ್ಳಲು ನನಗೆ ಸಿಕ್ಕ ಕೀಲಿಕೈ ಈ ಒಂದು ಸಾಲು. ಮಾಧವಮಂತ್ರಿ ವಿಜಯನಗರದ ಕಾಲದವನು. ತಲಕಾಡಿನ ಬಳಿ ಕಾವೇರಿಗೆ ಅಡ್ಡಲಾಗಿ ಇರುವ ಕಲ್ಲಿನ ಕಟ್ಟೆಗೆ, ಅದರಿಂದ ಹೊರಡುವ ನಾಲೆಗೆ ಇವತ್ತಿಗೂ ಅವನದೇ ಹೆಸರು. ತಲಕಾಡಿನ ಮರಳಿನ ಮೂಲ ಹುಡುಕಿದವರಲ್ಲಿ ಕೆಲವರು ಈ ಕಟ್ಟೆಯ ಕಡೆಗೇ ಬೆರಳು ತೋರಿಸುತ್ತಾರೆ. ಕೃಷಿ ವಿಜ್ಞಾನಿ, ಕಾದಂಬರಿಕಾರ ಕೆ.ಎನ್. ಗಣೇಶಯ್ಯ ಅವರೂ ಶಾಪದ ಕಥೆಯ ಹಿಂದಿರುವ ಪರಿಸರದ ದುರಂತದ ಬಗ್ಗೆ ಬರೆದಿದ್ದಾರೆ. ಕಟ್ಟೆ ಕಟ್ಟಿದ ಮೇಲೆ ಕೆಳಗಿನ ಪಾತ್ರದಲ್ಲಿ ನೀರು ಕಡಿಮೆಯಾಗಿ ಮರಳು ಬಯಲಾಯಿತು, ಗಾಳಿಗೆ ಅದು ಸುಲಭದ ತುತ್ತಾಯಿತು ಎಂಬುದು ಆ ವಾದ. ಭೂವಿಜ್ಞಾನಿಗಳು ನೆಲದೊಳಗಿನ ಬಿರುಕುಗಳು ನದಿಯ ದಿಕ್ಕು ತಿರುಗಿಸಿರಬಹುದಾದ ಸಾಧ್ಯತೆಯನ್ನೂ ಸೇರಿಸುತ್ತಾರೆ. ಯಾವುದು ಎಷ್ಟು ಪಾಲು ಎಂದು ತೂಗಿ ಹೇಳುವುದು ಕಷ್ಟ. ಕಟ್ಟೆಯ ವಾದ ನಿಜವೇ ಆದರೆ ಊರಿನ ಹಳೆಯ ಬೀದಿಗಳನ್ನು ಮುಚ್ಚಿದ ಮರಳನ್ನೂ, ಆ ಊರಿನ ಹೊಟ್ಟೆ ತುಂಬಿಸಿದ ಭತ್ತವನ್ನೂ ತಂದದ್ದು ಒಂದೇ ಕಟ್ಟೆ. ತಲಕಾಡಿನವರು ನದಿಯಿಂದ ಎರಡನ್ನೂ ಪಡೆದರು. ಮರಳಿಗೆ ಊರನ್ನು ಬಿಟ್ಟುಕೊಟ್ಟರು, ಗದ್ದೆಯನ್ನು ಬಿಟ್ಟುಕೊಡಲಿಲ್ಲ.

ಹೀಗೆ ಬಿಟ್ಟುಕೊಟ್ಟ ಊರು ಎಂಥದ್ದಾಗಿತ್ತು?

ಗಂಗರು ಮೊದಲು ಕೋಲಾರದಲ್ಲಿ ನೆಲೆ ಕಂಡವರು. ಕೊಂಗುಣಿವರ್ಮ ಮಾಧವನಿಂದ ನಾಲ್ಕನೇ ಶತಮಾನದಲ್ಲಿ ಶುರುವಾದ ಈ ಮನೆತನ ಹರಿವರ್ಮನ ಕಾಲಕ್ಕೆ ತಲಕಾಡಿಗೆ ಬಂತು ಎಂದು ಇತಿಹಾಸಕಾರರು ಹೇಳುತ್ತಾರೆ. ಶಾಸನಗಳ ಸಂಸ್ಕೃತದಲ್ಲಿ ಊರಿನ ಹೆಸರು ತಲವನಪುರ. ಇಲ್ಲಿಂದ ಆಳಿದ ನಾಡು ಗಂಗವಾಡಿ ತೊಂಬತ್ತಾರು ಸಾಸಿರ. ರಾಜರು ಹೆಚ್ಚಿಗೆ ದೊಡ್ಡ ಗುಡಿಗಳನ್ನು ಕಟ್ಟಿದವರಲ್ಲ, ಓದು ಬರಹ ಬಲ್ಲವರು. ದುರ್ವಿನೀತನನ್ನು ಕವಿರಾಜಮಾರ್ಗ ಕನ್ನಡದ ಹಿಂದಿನ ಗದ್ಯಕಾರರ ಸಾಲಿನಲ್ಲಿ ಹೆಸರಿಸುತ್ತದೆ. ಶ್ರೀಪುರುಷ ಆನೆಗಳ ಬಗ್ಗೆ ಗಜಶಾಸ್ತ್ರ ಬರೆದ. ಅವನ ಮಗ ಇಮ್ಮಡಿ ಶಿವಮಾರ ಕನ್ನಡದಲ್ಲಿ ಗಜಾಷ್ಟಕ ಬರೆದನೆಂದೂ ಅದನ್ನು ಹೆಂಗಸರು ಒನಕೆ ಹಿಡಿದು ಕುಟ್ಟುವಾಗ ಹಾಡುತ್ತಿದ್ದರೆಂದೂ ಶಾಸನದ ಮಾತಿದೆ. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಮಂತ್ರಿ, ದಂಡನಾಯಕ. ಅವನ ಗದ್ಯಗ್ರಂಥ 978ರದ್ದು. ಗಂಗರ ಲಾಂಛನವೂ ಆನೆಯೇ.

ಆನೆಗಳು ತಲಕಾಡಿನ ಸ್ಥಳಪುರಾಣದಲ್ಲೂ ಇವೆ. ಕಾಡಿನ ಬೂರುಗದ ಮರವೊಂದನ್ನು ಆನೆಗಳು ಪೂಜೆ ಮಾಡುವುದನ್ನು ತಲ, ಕಾಡ ಎಂಬ ಇಬ್ಬರು ಬೇಡರು ನೋಡಿದರು. ಏನಿದೆ ನೋಡೋಣವೆಂದು ಮರಕ್ಕೆ ಕೊಡಲಿ ಹಾಕಿದರೆ ರಕ್ತ ಚಿಮ್ಮಿತು. ಅದೇ ಮರದ ಎಲೆ ಕಾಯಿ ಅರೆದು ಹಚ್ಚಿ ಎಂಬ ಅಶರೀರವಾಣಿ ಕೇಳಿತು, ಹಚ್ಚಿದರು, ಗಾಯ ಮಾಯಿತು. ತನಗೆ ತಾನೇ ಮದ್ದು ಹೇಳಿದ ಶಿವ ವೈದ್ಯೇಶ್ವರನಾದ. ಸೋಮದತ್ತನೆಂಬ ಋಷಿ ಮತ್ತು ಅವನ ಶಿಷ್ಯರೇ ಆ ಆನೆಗಳಾಗಿ ಹುಟ್ಟಿದ್ದರಂತೆ. ರಾಜ ಮಂತ್ರಿಗಳ ಹೆಸರಿನಲ್ಲಿ ಊರುಗಳಿರುವ ನಾಡಿನಲ್ಲಿ, ಸಾವಿರದೈನೂರು ವರ್ಷಗಳ ಹಿಂದಿನ ರಾಜಧಾನಿಯೊಂದರ ಹೆಸರು ಇಬ್ಬರು ಬೇಡ ಹುಡುಗರದು ಎಂದು ಊರವರು ಹೇಳಿಕೊಳ್ಳುತ್ತಾರೆ. ಇದು ಎಷ್ಟು ಚಂದ! ಗುಡಿಯ ಮುಂದೆ ಆ ಇಬ್ಬರ ಕಲ್ಲಿನ ಮೂರ್ತಿಗಳನ್ನು ತೋರಿಸಿ, ಇವ ತಲ, ಇವ ಕಾಡ ಎಂದು ಚಿಕ್ಕ ಮಕ್ಕಳಿಗೆ ಹೇಳುವುದನ್ನು ಈಗಲೂ ಕೇಳಬಹುದು.

ಮದ್ದು ಕೊಡುವ ದೇವರು ಈ ಸೀಮೆಯಲ್ಲಿ ಇವನೊಬ್ಬನೇ ಅಲ್ಲ. ಕಪಿಲೆಯ ದಡದ ನಂಜನಗೂಡಿನಲ್ಲಿ ನಂಜುಂಡೇಶ್ವರನಿದ್ದಾನೆ. ತನ್ನ ಪಟ್ಟದ ಆನೆಯ ಕಣ್ಣು ವಾಸಿಯಾಯಿತೆಂದು ಟಿಪ್ಪು ಸುಲ್ತಾನ ಅವನನ್ನು ಹಕೀಮ್ ನಂಜುಂಡ ಎಂದು ಕರೆದು ಪಚ್ಚೆಯ ಲಿಂಗ ಒಪ್ಪಿಸಿದ ಕಥೆ ಅಲ್ಲಿ ಮನೆಮಾತು. ಪಾರಸಿಯಲ್ಲಿ ದಫ್ತರು ಬರೆಸುತ್ತಿದ್ದ ಸುಲ್ತಾನನಿಂದ ಹಿಡಿದು ಬೇಡರ ಹುಡುಗರ ತನಕ ಎಲ್ಲರೂ ಇಲ್ಲಿ ದೇವರ ಬಳಿ ಬಂದದ್ದು ನೋವಿಗೆ ಮದ್ದು ಕೇಳಿಕೊಂಡೇ.

1004ರ ಸುಮಾರಿಗೆ ಚೋಳರು ತಲಕಾಡನ್ನು ಹಿಡಿದರು, ಊರು ರಾಜರಾಜಪುರವಾಯಿತು. ನೂರಕ್ಕೂ ಹೆಚ್ಚು ವರ್ಷ ಅದೇ ಆಳ್ವಿಕೆ. ಹೊಯ್ಸಳ ವಿಷ್ಣುವರ್ಧನ ತನ್ನ ದಂಡನಾಯಕ ಗಂಗರಾಜನ ಮೂಲಕ ಅದನ್ನು ಗೆದ್ದುಕೊಂಡ ಮೇಲೆ ತಲಕಾಡುಗೊಂಡ ಎಂಬ ಬಿರುದು ಧರಿಸಿ, ಅದನ್ನು ಕನ್ನಡ ಅಕ್ಷರಗಳಲ್ಲಿ ತನ್ನ ಚಿನ್ನದ ನಾಣ್ಯದ ಮೇಲೆ ಅಚ್ಚು ಹಾಕಿಸಿದ. ಒಂದು ಊರನ್ನು ಗೆದ್ದದ್ದನ್ನು ನಾಡಿನ ಸಂತೆ ಸಂತೆಗೂ ಮುಟ್ಟಿಸಬೇಕೆಂದು ಅವನಿಗೆ ಅನ್ನಿಸಿತ್ತೆಂದರೆ ತಲಕಾಡಿನ ತೂಕ ಎಷ್ಟಿತ್ತೆಂದು ಊಹಿಸಬಹುದು. ಗೆಲುವಿನ ನೆನಪಿಗೆ 1117ರಲ್ಲಿ ಕಟ್ಟಿಸಿದ್ದು ಕೀರ್ತಿನಾರಾಯಣ ದೇವಾಲಯ. ಬೇಲೂರಿನ ಗುಡಿಯ ಪ್ರತಿಷ್ಠೆಯೂ ಅದೇ ವರ್ಷದ್ದು. ಬೇಲೂರಿನ ಶಿಲಾಬಾಲಿಕೆಯರನ್ನು ನೋಡಿ ಬಂದವರಿಗೆ ಕೀರ್ತಿನಾರಾಯಣನ ಗುಡಿ ಸರಳ ಅನ್ನಿಸಬಹುದು. ಆದರೆ ಒಳಗೆ ನಿಂತ ಎತ್ತರದ ಮೂರ್ತಿಯ ಮುಂದೆ ಮಾತು ತಾನಾಗಿ ನಿಲ್ಲುತ್ತದೆ.

ಇನ್ನು ಶಾಪ. ವಿಜಯನಗರದ ಪ್ರತಿನಿಧಿಯಾಗಿ ಶ್ರೀರಂಗಪಟ್ಟಣದಲ್ಲಿದ್ದ ತಿರುಮಲರಾಯ, ಕೆಲವರ ಪ್ರಕಾರ ಶ್ರೀರಂಗರಾಯ, ವಾಸಿಯಾಗದ ಕಾಯಿಲೆಗೆ ವೈದ್ಯೇಶ್ವರನ ಮೊರೆ ಹೋಗಲು ತಲಕಾಡಿಗೆ ಬಂದ. 1610ರಲ್ಲಿ ಶ್ರೀರಂಗಪಟ್ಟಣ ರಾಜ ಒಡೆಯರ ಕೈ ಸೇರಿತು. ತಿರುಮಲರಾಯನ ರಾಣಿಯ ಒಡವೆಗಳಿಗಾಗಿ ಒಡೆಯರ ಆಳುಗಳು ಬೆನ್ನಟ್ಟಿದಾಗ ಅವಳು ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರಿನ ಅರಸರಿಗೆ ಸಂತಾನವಿಲ್ಲದಿರಲಿ ಎಂದು ಶಪಿಸಿ ಹೊಳೆಗೆ ಹಾರಿದಳು. ಜನ ಅವಳನ್ನು ಅಲಮೇಲಮ್ಮ ಎನ್ನುತ್ತಾರೆ. ರೈಸ್ ಕೇಳಿ ಬರೆದ ಕಥೆಯಲ್ಲಿ ರಾಣಿಯ ಹೆಸರು ರಂಗಮ್ಮ. ಮೈಸೂರು ಮನೆತನದಲ್ಲಿ ದತ್ತು ಬಂದವರೂ ಇದ್ದಾರೆ, ಮಕ್ಕಳಾದವರೂ ಇದ್ದಾರೆ. ದತ್ತು ಬಂದ ಹತ್ತನೇ ಚಾಮರಾಜ ಒಡೆಯರಿಗೆ ಮಕ್ಕಳಿದ್ದರು; ಅವರ ಮಗ ನಾಲ್ವಡಿ ಕೃಷ್ಣರಾಜರಿಗೆ ಇರಲಿಲ್ಲ. 2015ರಲ್ಲಿ ದತ್ತು ಬಂದ ಯದುವೀರರಿಗೆ 2017ರಲ್ಲಿ ಮಗ ಹುಟ್ಟಿದಾಗ ಪತ್ರಿಕೆಗಳೆಲ್ಲ ಶಾಪ ವಿಮೋಚನೆ ಎಂದು ಬರೆದವು.

ಶಾಪ ನಿಜವೋ ಸುಳ್ಳೋ ಎಂಬ ಚರ್ಚೆ ನನಗೆ ಮುಖ್ಯವೆನಿಸುವುದಿಲ್ಲ. ಗೆದ್ದವರು ಬರೆಸಿದ ಚರಿತ್ರೆಯ ಪಕ್ಕದಲ್ಲಿ ಸೋತ ಹೆಂಗಸೊಬ್ಬಳ ಸಂಕಟವನ್ನು ನಾನೂರು ವರ್ಷ ಬಾಯಿಂದ ಬಾಯಿಗೆ ದಾಟಿಸಿ ಉಳಿಸಿದವರು ಈ ಸೀಮೆಯ ಸಾಮಾನ್ಯ ಜನ. ಮೈಸೂರಿನ ಅರಸರನ್ನು ಇಷ್ಟು ಪ್ರೀತಿಸುವ ಜನರೇ ಆ ಅರಸರ ಮೇಲಿನ ದೂರನ್ನೂ ಬಿಡದೆ ಕಾಪಾಡಿದ್ದಾರೆ. ಒಂದು ಮಾತನ್ನಂತೂ ಇಲ್ಲಿ ಸೇರಿಸಲೇಬೇಕು. ಶಾಪದ ಮಾತಿನಲ್ಲಿ ತಲಕಾಡು ಯಾವ ತಪ್ಪೂ ಮಾಡಿರಲಿಲ್ಲ. ರೋಗಿಯಾಗಿ ಬಂದ ಅರಸನಿಗೆ ಜಾಗ ಕೊಟ್ಟ ಊರದು. ಆದರೂ ಊರವರು ಅಲಮೇಲಮ್ಮನನ್ನು ಬೈದದ್ದನ್ನು ನಾನು ಕೇಳಿಲ್ಲ. ಹೊಳೆಯ ಆಚೆ ದಡದ ಮಾಲಂಗಿಯ ಕಡೆ ಕೈ ತೋರಿಸಿ ‘ಪಾಪ, ಅಲ್ಲೇ ಕಣಪ್ಪ ಆಯಮ್ಮ ಬಿದ್ದಿದ್ದು’ ಎನ್ನುವಾಗ ಅವರ ದನಿಯಲ್ಲಿ ಇರುವುದು ಮರುಕ.

ಮರಳು ನುಂಗಿದ ಊರುಗಳು ಲೋಕದಲ್ಲಿ ಬೇರೆಯೂ ಇವೆ. ಡೆನ್ಮಾರ್ಕಿನ ತುತ್ತತುದಿಯ ಸ್ಕಾಗೆನ್ ಎಂಬಲ್ಲಿ ಒಂದು ಚರ್ಚು ಮರಳಲ್ಲಿ ಹೂಳುತ್ತಾ ಹೋಯಿತು. ಪ್ರಾರ್ಥನೆಗೆ ಬರುವವರು ಬಾಗಿಲ ಮುಂದೆ ಅಗೆದು ಒಳಗೆ ಹೋಗಬೇಕಾಗುತ್ತಿತ್ತು. ಕೊನೆಗೆ 1795ರಲ್ಲಿ ಅದನ್ನು ಮುಚ್ಚಿದರು, ಈಗ ಗೋಪುರ ಮಾತ್ರ ಮರಳಿನ ಮೇಲೆ ನಿಂತಿದೆ. ನಮೀಬಿಯಾದ ಕೋಲ್ಮನ್ಸ್‌ಕೋಪ್ ವಜ್ರದ ಗಣಿಯ ಊರಾಗಿತ್ತು. ವಜ್ರ ತೀರಿದ ಮೇಲೆ ಜನ ಹೋದರು, ಈಗ ಅಲ್ಲಿನ ಕೋಣೆಗಳಲ್ಲಿ ಮರಳು ತುಂಬಿದೆ. ಇರಾನಿನ ಯಜ್ದ್ ನಗರ ಎರಡು ಮರುಭೂಮಿಗಳ ನಡುವೆ ಕೂತಿದೆ. ನೆಲದಡಿ ಮೈಲುಗಟ್ಟಲೆ ಸುರಂಗ ಕೊರೆದು ಬೆಟ್ಟದ ತಪ್ಪಲಿನ ನೀರನ್ನು ಊರಿಗೆ ತಂದುಕೊಂಡು, ಗಾಳಿಯನ್ನು ಹಿಡಿದು ಮನೆಯೊಳಗೆ ಇಳಿಸುವ ಗೋಪುರಗಳನ್ನು ಕಟ್ಟಿಕೊಂಡು ಅಲ್ಲಿನವರು ಶತಮಾನಗಳಿಂದ ಬಾಳಿದ್ದಾರೆ. 2017ರಲ್ಲಿ ಯುನೆಸ್ಕೋ ಆ ನಗರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಗೆ ಹೋದವರು ಮಣ್ಣಿನ ಮನೆಗಳನ್ನೂ ಆ ಮನೆಗಳಲ್ಲಿ ಇವತ್ತಿಗೂ ಚಹಾ ಕಾಯಿಸುವ ಜನರನ್ನೂ ಒಟ್ಟಿಗೆ ನೋಡಿ ಬರುತ್ತಾರೆ. ತಲಕಾಡು ಸ್ಕಾಗೆನ್ನಿನಂತೆ ದೇವರ ಬಾಗಿಲು ಅಗೆಯಬೇಕಾಗಿ ಬಂದ ಊರು, ಯಜ್ದಿನಂತೆ ನೀರಿನ ಜಾಣತನದಿಂದ ಉಳಿದ ಊರು. ನಾವು ಮೊದಲನೆಯದನ್ನಷ್ಟೇ ನೋಡುತ್ತಿದ್ದೇವೆ.

ದೇವರ ಬಾಗಿಲು ಅಗೆಯುವುದು ಇಲ್ಲಿ ಹಬ್ಬವೇ ಆಗಿದೆ. ವೈದ್ಯೇಶ್ವರ, ಪಾತಾಳೇಶ್ವರ, ಮರಳೇಶ್ವರ, ವಿಜಯಾಪುರದ ಅರ್ಕೇಶ್ವರ, ಮುಡುಕುತೊರೆ ಬೆಟ್ಟದ ಮಲ್ಲಿಕಾರ್ಜುನ, ಈ ಐವರನ್ನು ಒಂದೇ ದಿನ ಕಾಣುವುದು ಪಂಚಲಿಂಗ ದರ್ಶನ. ಕಾರ್ತಿಕ ಮಾಸದಲ್ಲಿ ಅಮಾವಾಸ್ಯೆ ಸೋಮವಾರ ಬಿದ್ದು, ಪಂಚಾಂಗದ ಬೇರೆ ಯೋಗಗಳೂ ಕೂಡಿಬಂದಾಗ ಮಾತ್ರ ಅದು ನಡೆಯುತ್ತದೆ. 2009ರಲ್ಲಿ, 2013ರಲ್ಲಿ ನಡೆಯಿತು. ಆಮೇಲೆ ಏಳು ವರ್ಷ ಕಾದು, 2020ರ ಡಿಸೆಂಬರ್ 14ರಂದು, ಕೊರೊನಾ ಕಾಲದ ಕಟ್ಟುಪಾಡುಗಳ ನಡುವೆ ನಡೆಯಿತು. ಪಾತಾಳೇಶ್ವರನ ಗುಡಿಗೆ ಈಗಲೂ ಮೆಟ್ಟಿಲಿಳಿದೇ ಹೋಗಬೇಕು. ಸುತ್ತ ಮರಳಿನ ಗೋಡೆ, ತಳದಲ್ಲಿ ಪುಟ್ಟ ಗುಡಿ. ಬೆಳಿಗ್ಗೆ ಒಂದು ಬಣ್ಣ, ಮಧ್ಯಾಹ್ನ ಒಂದು, ಸಂಜೆಗೆ ಇನ್ನೊಂದು ಬಣ್ಣದಲ್ಲಿ ಲಿಂಗ ಕಾಣುತ್ತದೆ ಎಂದು ನಂಬಿಕೆ. ಮೇಲಿನಿಂದ ಇಳಿಯುವ ಬಿಸಿಲನ್ನು ದಿನವಿಡೀ ನೋಡಿದ ಅರ್ಚಕರೊಬ್ಬರ ಕಣ್ಣು ಆ ನಂಬಿಕೆಯ ಹಿಂದೆ ಇರಬೇಕೆಂದು ನನಗನ್ನಿಸುತ್ತದೆ.

ಭಕ್ತರ ಸಲಿಕೆಯ ಜೊತೆಗೆ ಪುರಾತತ್ವದವರ ಸಲಿಕೆಯೂ ಸೇರಿತು. 1990ರ ದಶಕದಲ್ಲಿ ರಾಜ್ಯದ ಪುರಾತತ್ವ ಇಲಾಖೆ ಇಲ್ಲಿ ಉತ್ಖನನ ಮಾಡಿಸಿದಾಗ ಜೈನ ಬಸದಿಯ ಅವಶೇಷಗಳು ಸೇರಿದಂತೆ ಹಳೆಯ ಕಟ್ಟಡಗಳ ತಳಪಾಯಗಳು ಬೆಳಕಿಗೆ ಬಂದವು. ಶಿವನ ಊರೆಂದು ಹೆಸರಾದಲ್ಲಿ ಜಿನಾಲಯವೂ ವಿಷ್ಣುವಿನ ಗುಡಿಯೂ ಒಂದೇ ಮರಳನ್ನು ಹೊದ್ದು ಮಲಗಿದ್ದವು. ಕೀರ್ತಿನಾರಾಯಣ ದೇವಾಲಯದ ಕಲ್ಲುಗಳನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಬಿಚ್ಚಿ ಮತ್ತೆ ಜೋಡಿಸಿ ನಿಲ್ಲಿಸಿತು.

ಮರಳಿನ ನಡಿಗೆಯನ್ನು ತಡೆದದ್ದು ಮರಗಳು. ಇವತ್ತು ದಿಬ್ಬಗಳ ಮೇಲೆ ನೀಲಗಿರಿಯ ತೋಪಿದೆ, ಹೊಳೆಯ ಕಡೆ ಸರ್ವೆ ಮರಗಳಿವೆ. ಇರಾನಿನಲ್ಲೂ 1960ರ ದಶಕದಿಂದ ಮರುಭೂಮಿಯ ಗಿಡಗಳನ್ನು ನೆಟ್ಟು ಮರಳನ್ನು ಕಟ್ಟಿಹಾಕುವ ಕೆಲಸ ನಡೆದಿದೆ. ನೀಲಗಿರಿ ನಮ್ಮ ನೆಲದ ಮರವಲ್ಲ, ನೀರು ಹೀರುತ್ತದೆ ಎಂಬ ದೂರು ಎಲ್ಲ ಕಡೆ ಇದೆ. ತಲಕಾಡಿನಲ್ಲಿ ಮಾತ್ರ ಅದರ ಬೇರು ಊರನ್ನು ಕಾಯುವ ಕೆಲಸ ಮಾಡಿದೆ. ಇನ್ನು ಮುಂದೆ ನೆಡುವವರು ಹೊಂಗೆ, ಗೇರು, ಹುಣಸೆಯಂಥ ನಮ್ಮ ಒಣನೆಲಕ್ಕೆ ಒಗ್ಗಿದ ಮರಗಳನ್ನು ಜೊತೆಗಿಟ್ಟು ನೋಡಿದರೆ ಒಳ್ಳೆಯದೆಂದು ನನ್ನ ಅನಿಸಿಕೆ. ಇರುವ ಮರಗಳನ್ನು ಕಡಿದು ಬಯಲು ಮಾಡುವ ಯೋಚನೆ ಮಾತ್ರ ಯಾರಿಗೂ ಬಾರದಿರಲಿ.

ಗುಡಿಗಳ ದಾರಿ ಬಿಟ್ಟು ಊರೊಳಗೆ ನಡೆದರೆ ಈ ತಡೆದ ಮರಳಿನ ಈಚೆಗಿನ ಬದುಕು ಸಿಗುತ್ತದೆ. ಹೋಬಳಿ ಕೇಂದ್ರವಾದ್ದರಿಂದ ಸುತ್ತಲ ಹಳ್ಳಿಗಳವರು ಇಲ್ಲಿಗೇ ಬರಬೇಕು. ಗೊಬ್ಬರದ ಅಂಗಡಿಯ ಮುಂದೆ ಎತ್ತಿನ ಗಾಡಿಗೂ ಟ್ರ್ಯಾಕ್ಟರಿಗೂ ಒಟ್ಟಿಗೆ ಮೂಟೆ ಏರುತ್ತದೆ. ಬೀದಿಯ ಜಗುಲಿಯಲ್ಲಿ ಕೂತ ಹಿರಿಯರ ಮಾತೆಲ್ಲ ಕಟ್ಟೆ ನಾಲೆಯ ನೀರು ಯಾವತ್ತು ಬಿಡುತ್ತಾರೆ, ಕನ್ನಂಬಾಡಿಯಲ್ಲಿ ಎಷ್ಟು ಅಡಿ ಇದೆ, ಕಬಿನಿ ತುಂಬಿತೇ ಎಂಬುದರ ಸುತ್ತ. ನೀರು ಕಡಿಮೆಯಾದ ವರ್ಷ ಒಂದು ಚಿಂತೆ. ಎರಡೂ ಜಲಾಶಯ ತುಂಬಿ ಒಟ್ಟಿಗೆ ನೀರು ಬಿಟ್ಟ ವರ್ಷ ಇನ್ನೊಂದು ಚಿಂತೆ. ಎರಡು ನದಿಗಳ ಕೂಡಲಿನ ಕೆಳಗೆ ಬದುಕುವವರಿಗೆ ಈ ಲೆಕ್ಕ ಹುಟ್ಟಿನಿಂದಲೇ ಬರುತ್ತದೆ. ಎಲ್ಲಿಂದ ಬಂದಿರಿ ಎಂದು ಕೇಳದೆ ಇಲ್ಲಿ ಯಾರೂ ದಾರಿ ಹೇಳುವುದಿಲ್ಲ. ಹೇಳಿದ ಮೇಲೆ ‘ಊಟ ಆಯ್ತಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಇನ್ನೂ ಕೂತರೆ ತಾತನ ಮನೆ ದಿಬ್ಬದ ಆ ಕಡೆಗಿತ್ತಂತೆ ಎಂಬಂಥ ಮಾತುಗಳು ಶುರುವಾಗುತ್ತವೆ. ಗಂಗರ ವಂಶಾವಳಿ ಪುಸ್ತಕದಲ್ಲಿ ಸಿಗುತ್ತದೆ. ಮನೆ ಬಿಚ್ಚಿ ಮನೆ ಕಟ್ಟಿದವರ ಚರಿತ್ರೆ ಇಂಥ ಜಗುಲಿಗಳಲ್ಲೇ ಇದೆ, ಅದನ್ನು ಕೂತು ಬರೆದುಕೊಳ್ಳಬೇಕಾದ ಕಾಲ ಮೀರುತ್ತಿದೆ.

ಇಡೀ ಸೀಮೆಯನ್ನು ಒಟ್ಟಿಗೆ ನೋಡಬೇಕೆನ್ನುವವರು ಮುಡುಕುತೊರೆ ಜಾತ್ರೆಗೆ ಬರಬೇಕು. ಚಳಿಗಾಲದ ಕೊನೆಯ ಹೊತ್ತಿಗೆ ನಡೆಯುವ ಮಲ್ಲಿಕಾರ್ಜುನನ ಜಾತ್ರೆ ದನಗಳ ಜಾತ್ರೆಯಾಗಿ ಹೆಸರಾದದ್ದು. ಬೆಟ್ಟದ ಕೆಳಗಿನ ಬಯಲಲ್ಲಿ ಹಳ್ಳಿಕಾರ್ ಜೋಡಿಗಳನ್ನು ಸಿಂಗಾರ ಮಾಡಿ ಕಟ್ಟಿರುತ್ತಾರೆ. ಕೊಂಬಿಗೆ ಎಣ್ಣೆ, ಕೊರಳಿಗೆ ಗಂಟೆ, ಮೈಮೇಲೆ ಬಣ್ಣದ ಜೂಲು. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವವರು, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವವರು, ಮರದಡಿ ಮೂರು ಕಲ್ಲಿನ ಒಲೆ ಹೂಡಿ ಮುದ್ದೆ ಕೂಡಿಸುವವರು. ಟ್ರ್ಯಾಕ್ಟರುಗಳು ಬಂದ ಮೇಲೆ ದನ ಕಮ್ಮಿಯಾದವು ಎಂಬ ಕೊರಗು ಅಲ್ಲಿ ಕೇಳಿಬರುತ್ತದೆ. ಆದರೂ ನಲ್ಮೆಯಿಂದ ಸಾಕಿದ ಜೋಡಿಯನ್ನು ನಾಲ್ಕು ಜನರ ಮುಂದೆ ನಿಲ್ಲಿಸುವ ಹೆಮ್ಮೆ ಕಮ್ಮಿಯಾಗಿಲ್ಲ.

ಈಗ ತಲಕಾಡಿನ ಮುಂದಿರುವ ಅಪಾಯ ಬೇರೆ ಬಗೆಯದು. ಹಿಂದೆ ಮರಳು ಊರಿಗೆ ಬರುತ್ತಿತ್ತು, ಈಗ ಹೊಳೆಯ ಮರಳು ಲಾರಿಗಳಲ್ಲಿ ಹೊರಗೆ ಹೋಗುತ್ತಿದೆ. ನಗರಗಳ ಮನೆ ಕಟ್ಟುವ ಹಸಿವಿಗೆ ನರಸೀಪುರ ತಾಲ್ಲೂಕಿನ ಕಾವೇರಿ ಮತ್ತು ಕಪಿಲೆಯ ಪಾತ್ರಗಳಿಂದ ಅಕ್ರಮವಾಗಿ ಮರಳು ಎತ್ತುವ ಸುದ್ದಿ ವರ್ಷವರ್ಷವೂ ಬರುತ್ತದೆ. ಮರಳು ತೆಗೆದಲ್ಲಿ ಪಾತ್ರ ಗುಂಡಿ ಬೀಳುತ್ತದೆ, ದಡ ಕುಸಿಯುತ್ತದೆ, ಪಕ್ಕದ ಬಾವಿಗಳ ನೀರು ಇಳಿಯುತ್ತದೆ. ಮೇಲೆ ತೆಳ್ಳಗೆ ಹರಿಯುವಂತೆ ಕಾಣುವ ನೀರಿನಡಿ ಆಳುದ್ದದ ಗುಂಡಿ ಇರುವುದು ಹೊರಗಿನಿಂದ ಬಂದವರಿಗೆ ತಿಳಿಯುವುದಿಲ್ಲ. ರಜೆಯ ದಿನ ಈಜಲು ಇಳಿದ ಹುಡುಗರು ಮುಳುಗಿ ಸಾಯುವುದು ಇಲ್ಲಿ ಮತ್ತೆ ಮತ್ತೆ ನಡೆಯುತ್ತಿದೆ. ದಡದಲ್ಲಿ ನಿಂತ ತೆಪ್ಪದವರು ‘ಅಲ್ಲಿಗ್ ಹೋಗ್ಬೇಡಿ ಸಾ, ಮಡು ಐತೆ’ ಎಂದು ಕೂಗಿ ಹೇಳಿದರೆ ಅದನ್ನು ಕೇಳಬೇಕು. ಆ ನೀರನ್ನು ಅವರಷ್ಟು ತಿಳಿದವರಿಲ್ಲ.

ತಲಕಾಡಿಗೆ ಹೋಗುವವರಿಗೆ ನನ್ನ ಮಾತು ಇಷ್ಟೇ. ಬಿಸಿಲೇರಿದ ಮೇಲೆ ಮರಳು ಕಾಲು ಸುಡುತ್ತದೆ, ಬೆಳಿಗ್ಗೆಯೇ ತಲುಪಿ. ಮರಳಿನ ಮೇಲೆ ಪ್ಲಾಸ್ಟಿಕ್ ಬಾಟಲಿ, ತಟ್ಟೆ ಬಿಟ್ಟು ಬರಬೇಡಿ. ಗುಡಿಗಳನ್ನು ನೋಡಿದ ಮೇಲೆ ಹೊಳೆಗೆ ಓಡುವ ಬದಲು ಊರೊಳಗೆ ಒಂದು ಸುತ್ತು ಬನ್ನಿ, ಹಿರಿಯರೊಬ್ಬರ ಜೊತೆ ಕೂತು ಅವರ ಮನೆ ಎಲ್ಲಿಂದ ಎಲ್ಲಿಗೆ ಬಂತೆಂದು ಕೇಳಿ. ಆಮೇಲೆ ಮಾಧವಮಂತ್ರಿ ನಾಲೆಯ ಏರಿಯ ಮೇಲೆ ಸ್ವಲ್ಪ ದೂರ ನಡೆಯಿರಿ. ಶತಮಾನಗಳ ಆ ನಾಲೆಯಲ್ಲಿ ಇವತ್ತಿಗೂ ನೀರು ಹರಿಯುತ್ತಿದೆ, ಎರಡೂ ಕಡೆ ತಲಕಾಡಿನವರು ಭತ್ತ ಬೆಳೆಯುತ್ತ ಇದ್ದಾರೆ.